ಮೊದಲು ಸಿಗ್ನಲ್, ಆಮೇಲೆ ಪ್ಲಾನ್, ಕೊನೆಗೆ ಫೋನ್: ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯವರಿಗೆ ಸಮಗ್ರ ಮಾರ್ಗದರ್ಶಿ

"ಹೊಸ ಫೋನ್ ತಗೊಂಡೆ, ಮನೆಯೊಳಗೆ ಸಿಗ್ನಲ್ಲೇ ಇಲ್ಲ." "ಅದೇ ನಂಬರ್ ಬೇರೆ ಕಂಪನಿಗೆ ಪೋರ್ಟ್ ಮಾಡಿಸಿದೆ, ಹೊಲದಲ್ಲಿ ನೆಟ್ ಬರಲ್ಲ." "ವರ್ಷದ ಪ್ಲಾನ್ ಹಾಕಿಸಿದೆ, ಮಧ್ಯಾಹ್ನಕ್ಕೇ ಡೇಟಾ ಖಾಲಿ." ಓದುಗರಿಂದ ಮತ್ತೆ ಮತ್ತೆ ಬರುವ ದೂರುಗಳು ಇವು. ಮೂರಕ್ಕೂ ಕಾರಣ ಒಂದೇ. ಕೆಲಸದ ಕ್ರಮ ತಲೆಕೆಳಗಾಗಿದೆ.

ಜಾಸ್ತಿ ಜನ ಮೊದಲು ಫೋನ್ ಕೊಳ್ಳುತ್ತಾರೆ. ಆಮೇಲೆ ಅಂಗಡಿಯವರು ಹೇಳಿದ ಸಿಮ್. ಕೊನೆಗೆ ಯಾರೋ ಹಾಕಿಸಿಕೊಂಡ ಪ್ಲಾನ್. ಇದನ್ನು ಉಲ್ಟಾ ಮಾಡಿ. ನಿಮ್ಮ ಜಾಗದಲ್ಲಿ ಯಾವ ಟವರ್ ಸಿಗುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ, ಹಾಗಾಗಿ ಅದು ಮೊದಲು. ಪ್ಲಾನ್ ತಿಂಗಳಿಗೊಮ್ಮೆ ಬದಲಿಸಬಹುದು, ಅದು ಎರಡನೆಯದು. ಫೋನ್ ಈ ಎರಡಕ್ಕೂ ಹೊಂದಬೇಕು, ಅದಕ್ಕೇ ಕೊನೆಗೆ.

ಶುರು ಮಾಡುವ ಮುಂಚೆ ಬೇಕಾದದ್ದು

ಎರಡು ಸಿಮ್ ಹಾಕುವಂಥ ಒಂದು ಆಂಡ್ರಾಯ್ಡ್ ಫೋನ್. ಅದು ನಿಮ್ಮದೇ ಆಗಬೇಕೆಂದಿಲ್ಲ, ಮನೆಯಲ್ಲಿ ಯಾರದಾದರೂ ನಡೆಯುತ್ತದೆ. ಬೇರೆ ಬೇರೆ ಕಂಪನಿಯ ಸಿಮ್‌ಗಳು, ನೆಂಟರ ಹತ್ತಿರ ಒಂದು ಗಂಟೆಯ ಮಟ್ಟಿಗೆ ಕೇಳಿ ತಂದರೂ ಸಾಕು. ಮೊಬೈಲ್ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಟ್ರಾಯ್‌ನ ಮೈಸ್ಪೀಡ್ ಆಪ್. ಒಂದು ಹಾಳೆ, ಒಂದು ಪೆನ್ನು. ಬರೆದಿಡದೆ ನೆನಪಿನ ಮೇಲೆ ಹೋಲಿಸಿದರೆ ಕೊನೆಗೆ ಗೆಲ್ಲುವುದು ಜಾಹೀರಾತೇ.

ಹಂತ 1: ನೀವು ಇರುವ ಜಾಗಗಳ ಪಟ್ಟಿ ಮಾಡಿ

ನಾಲ್ಕೈದು ಜಾಗ ಸಾಕು. ಮಲಗುವ ಕೋಣೆ, ಕೆಲಸದ ಜಾಗ, ಹೊಲ ಅಥವಾ ಅಂಗಡಿ, ದಿನಾ ಓಡಾಡುವ ರಸ್ತೆ, ವಾರಕ್ಕೊಮ್ಮೆ ಹೋಗುವ ಊರು. ಪ್ರತಿ ಜಾಗದ ಮುಂದೆ ದಿನಕ್ಕೆ ಎಷ್ಟು ಹೊತ್ತು ಅಲ್ಲಿರುತ್ತೀರಿ ಎಂದು ಬರೆಯಿರಿ.

"ನಮ್ಮೂರಲ್ಲಿ ಈ ಕಂಪನಿ ಚೆನ್ನಾಗಿದೆ" ಎಂಬ ಮಾತನ್ನು ಪೂರ್ತಿ ನಂಬಬೇಡಿ. ಗಂಗಾವತಿ, ಆನೆಗೊಂದಿ ಸುತ್ತ ಬಂಡೆಗುಡ್ಡಗಳಿವೆ. ಗುಡ್ಡದ ಈ ಬದಿ ಚೆನ್ನಾಗಿ ಬರುವ ಸಿಗ್ನಲ್ ಆ ಬದಿಯಲ್ಲಿ ಮಾಯವಾಗಬಹುದು. ಸಂಡೂರಿನ ಬೆಟ್ಟಗಳಲ್ಲೂ ಇದೇ ಕಥೆ. ಸಿಂಧನೂರು, ಸಿರುಗುಪ್ಪದಂಥ ಬಯಲಲ್ಲಿ ಅಡ್ಡ ಏನೂ ಇಲ್ಲ, ಆದರೆ ಟವರ್ ದೂರ ಇದ್ದರೆ ಬಯಲಿದ್ದೂ ಪ್ರಯೋಜನವಿಲ್ಲ.

ಗುಳೆ ಹೋಗುವವರು ಇಲ್ಲಿ ಇನ್ನೊಂದು ಸಾಲು ಸೇರಿಸಬೇಕು: ಬೆಂಗಳೂರಿನ ಶೆಡ್ಡೋ, ಹೈದರಾಬಾದಿನ ಸೈಟೋ. ವರ್ಷದಲ್ಲಿ ಆರು ತಿಂಗಳು ಅಲ್ಲೇ ಕಳೆಯುವವರಿಗೆ ಊರಿನ ಸಿಗ್ನಲ್ ಅರ್ಧ ಲೆಕ್ಕ ಅಷ್ಟೇ.

ಹಂತ 2: ಕಡ್ಡಿ ಎಣಿಸಬೇಡಿ, ಅಂಕಿ ನೋಡಿ

ಈ ಹಂತವನ್ನೇ ಎಲ್ಲರೂ ಬಿಡುವುದು. ಫೋನಿನ ಮೇಲೆ ಕಾಣುವ ಕಡ್ಡಿಗಳಿಗೆ ಎಲ್ಲ ಕಂಪನಿಗೂ ಒಂದೇ ಅಳತೆ ಅಂತ ಇಲ್ಲ. ಒಂದು ಫೋನಿನ ಮೂರು ಕಡ್ಡಿ ಇನ್ನೊಂದರಲ್ಲಿ ಎರಡೇ ಇರಬಹುದು. ಅಂಕಿ ಮಾತ್ರ ಸುಳ್ಳು ಹೇಳುವುದಿಲ್ಲ.

ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್ ತೆರೆದು ಅಬೌಟ್ ಫೋನ್‌ಗೆ ಹೋಗಿ, ಅದರಲ್ಲಿ ಸಿಮ್ ಸ್ಟೇಟಸ್ ನೋಡಿ. ಕೆಲವು ಫೋನ್‌ಗಳಲ್ಲಿ ಅದು ಸ್ಟೇಟಸ್ ಎಂಬ ಹೆಸರಿನ ಒಳಗೆ ಇರುತ್ತದೆ. ಅಲ್ಲಿ ಸಿಗ್ನಲ್ ಸ್ಟ್ರೆಂತ್ ಎಂದು ಡಿಬಿಎಂ (ಸಿಗ್ನಲ್ ಬಲದ ಅಳತೆ) ಲೆಕ್ಕದಲ್ಲಿ ಒಂದು ಸಂಖ್ಯೆ ಸಿಗುತ್ತದೆ. ಐಫೋನ್‌ನಲ್ಲಿ *3001#12345#* ಡಯಲ್ ಮಾಡಿದರೆ ಫೀಲ್ಡ್ ಟೆಸ್ಟ್ ಪರದೆ ತೆರೆಯುತ್ತದೆ.

ಈ ಸಂಖ್ಯೆಯ ಮುಂದೆ ಮೈನಸ್ ಗುರುತು ಇರುತ್ತದೆ. ಎಡವುವುದು ಇಲ್ಲೇ. 110 ದೊಡ್ಡದಲ್ವಾ, ಹಾಗಾಗಿ ಒಳ್ಳೆಯದು ಅಂದುಕೊಳ್ಳುತ್ತಾರೆ. ಅಲ್ಲ, ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. 4ಜಿಯಲ್ಲಿ ಸ್ಥೂಲವಾಗಿ ಮೈನಸ್ 90ರ ಒಳಗಿದ್ದರೆ ಚೆನ್ನಾಗಿದೆ. ಮೈನಸ್ 100ರ ಆಸುಪಾಸು ಕೆಲಸ ನಡೆಯುತ್ತದೆ. ಮೈನಸ್ 110 ದಾಟಿದರೆ ವಿಡಿಯೋ ನಿಂತು ನಿಂತು ಬರುತ್ತದೆ, ಮೈನಸ್ 115ರ ಆಚೆ ಕಾಲ್ ಕಟ್ ಆಗುವುದೇ ಜಾಸ್ತಿ. 4ಜಿ ಅಂಕಿಯನ್ನು 4ಜಿ ಅಂಕಿಯ ಜೊತೆಗೇ ಹೋಲಿಸಿ. ಒಂದು ಸಿಮ್ 4ಜಿಯಲ್ಲಿ, ಇನ್ನೊಂದು 2ಜಿಯಲ್ಲಿ ಇರುವಾಗ ಬರೆದುಕೊಂಡ ಅಂಕಿಗಳಿಂದ ಏನೂ ತಿಳಿಯುವುದಿಲ್ಲ.

ಎರಡೂ ಸಿಮ್ ಒಂದೇ ಫೋನಿನಲ್ಲಿ ಹಾಕಿ, ಒಂದೇ ಜಾಗದಲ್ಲಿ, ಒಂದೇ ಹೊತ್ತಲ್ಲಿ ನೋಡಿ. ಬೇರೆ ಬೇರೆ ಫೋನಿನಲ್ಲಿ ನೋಡಿದರೆ ವ್ಯತ್ಯಾಸ ಫೋನಿನದೋ ಟವರಿನದೋ ಗೊತ್ತಾಗಲ್ಲ.

ಮನೆಯೊಳಗೆ ಅಳೆಯುವುದನ್ನು ಮರೆಯಬೇಡಿ. ಕಟ್ಟೆಯ ಮೇಲೆ ಕೂತು ಮೈನಸ್ 92 ಬಂದ ಸಿಮ್ ಹಳೆಯ ಮಣ್ಣಿನ ಮಾಳಿಗೆ ಮನೆಯ ಒಳಕೋಣೆಯಲ್ಲಿ ಮೈನಸ್ 112ಕ್ಕೆ ಇಳಿದರೆ ಆಶ್ಚರ್ಯವೇನಿಲ್ಲ. ದಪ್ಪ ಕಲ್ಲಿನ ಗೋಡೆ, ಮೇಲ್ಮಣ್ಣು, ತಗಡಿನ ಶೆಡ್ಡು, ಎಲ್ಲವೂ ಸಿಗ್ನಲ್ ತಡೆಯುತ್ತವೆ. ತಗಡಂತೂ ಬಹಳ ಕೆಟ್ಟದ್ದು. ಮನೆಯಲ್ಲಿ ವೈಫೈ ಇದ್ದರೆ ವೈಫೈ ಕಾಲಿಂಗ್ ಆನ್ ಮಾಡಿ ಈ ತೊಂದರೆ ದಾಟಬಹುದು, ಆದರೆ ನಿಮ್ಮ ಫೋನ್ ಮತ್ತು ಕಂಪನಿ ಎರಡೂ ಅದಕ್ಕೆ ಒಪ್ಪಬೇಕು.

ಹಂತ 3: ರಾತ್ರಿ ಎಂಟರ ಮೇಲೆ ಸ್ಪೀಡ್ ನೋಡಿ

ಸಿಗ್ನಲ್ ಬೇರೆ, ಸ್ಪೀಡ್ ಬೇರೆ. ಟವರ್ ಪಕ್ಕದಲ್ಲೇ ಇದ್ದರೂ ಇಡೀ ಊರು ಅದನ್ನೇ ಎಳೆಯುತ್ತಿದ್ದರೆ ನಿಮಗೆ ಸಿಗುವುದು ತುಣುಕು. ಬೆಳಗ್ಗೆ ಹನ್ನೊಂದಕ್ಕೆ ಮಾಡಿದ ಟೆಸ್ಟ್ ನಂಬಬೇಡಿ. ಊಟ ಮುಗಿಸಿ ಎಲ್ಲರೂ ಫೋನ್ ಹಿಡಿಯುವ ಹೊತ್ತು, 8ರಿಂದ 10ರ ನಡುವೆ, ಮೈಸ್ಪೀಡ್ ಆಪ್‌ನಲ್ಲಿ ನೋಡಿ. ವಿಡಿಯೋ ನೋಡಲು 5 ಎಂಬಿಪಿಎಸ್ (ನೆಟ್ ಸ್ಪೀಡಿನ ಅಳತೆ) ಇದ್ದರೂ ಸಾಕು. ಆ ಹೊತ್ತಲ್ಲಿ ಅದೂ ಇಲ್ಲದಿದ್ದರೆ ಹಗಲಿನ 60 ಎಂಬಿಪಿಎಸ್ ಕಟ್ಟಿಕೊಂಡು ಏನು ಮಾಡುವುದು?

ಕರೆಂಟ್ ಹೋದಾಗಲೂ ಒಮ್ಮೆ ನೋಡಿ. ಟವರಿಗೆ ಬ್ಯಾಟರಿ, ಜನರೇಟರ್ ಇರುತ್ತವೆ, ಆದರೆ ಎಲ್ಲ ಕಡೆ ಒಂದೇ ರೀತಿ ನಡೆಯುವುದಿಲ್ಲ. ಕರೆಂಟ್ ಹೋಗಿ ಒಂದೆರಡು ಗಂಟೆಗೆ ಯಾವ ಸಿಮ್ ಸಾಯುತ್ತದೆ, ಯಾವುದು ಉಳಿಯುತ್ತದೆ ಎಂದು ಬರೆದಿಟ್ಟುಕೊಳ್ಳಿ. ನನ್ನ ಕೇಳಿದರೆ ಮನೆಯಲ್ಲಿ ಎಲ್ಲರೂ ಒಂದೇ ಕಂಪನಿಗೆ ಹೋಗಬಾರದು. ನಾಲ್ಕು ಜನ ಇದ್ದರೆ ಒಬ್ಬರಾದರೂ ಬೇರೆ ನೆಟ್‌ವರ್ಕ್‌ನಲ್ಲಿ ಇರಲಿ. ಮಧ್ಯರಾತ್ರಿ ಆಂಬುಲೆನ್ಸ್ ಕರೆಯಬೇಕಾದಾಗ ಈ ಮಾತು ನೆನಪಾಗುತ್ತದೆ.

ಹಂತ 4: ದಿನಕ್ಕೆ ಎಷ್ಟು ಡೇಟಾ ಬೇಕು

ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್, ಡೇಟಾ ಯೂಸೇಜ್. ಕಳೆದ ತಿಂಗಳ ಒಟ್ಟು ಡೇಟಾವನ್ನು 30ರಿಂದ ಭಾಗಿಸಿ. ಐಫೋನ್‌ನಲ್ಲಿ ಹುಷಾರು: ಅಲ್ಲಿ ಕರೆಂಟ್ ಪೀರಿಯಡ್ ಎಂದು ಕಾಣುವುದು ಈ ತಿಂಗಳ ಲೆಕ್ಕವಲ್ಲ. ನೀವು ಕೊನೆಯ ಸಲ ರೀಸೆಟ್ ಮಾಡಿದಾಗಿನಿಂದ ಎಲ್ಲ ಸೇರಿಸಿ ತೋರಿಸುತ್ತದೆ. ಇವತ್ತು ರೀಸೆಟ್ ಮಾಡಿ, ಒಂದು ವಾರ ಬಿಟ್ಟು ನೋಡಿ.

ಅಂದಾಜಿಗೆ: 480ಪಿ ವಿಡಿಯೋ ಗಂಟೆಗೆ ಸುಮಾರು ಅರ್ಧ ಜಿಬಿ ತಿನ್ನುತ್ತದೆ, 720ಪಿ ಒಂದು ಜಿಬಿ ಮೇಲೆ. ವಾಟ್ಸಾಪ್ ಮಾತು, ಯುಪಿಐ, ಮಂಡಿ ರೇಟು ನೋಡುವುದು, ಇವೆಲ್ಲ ಸೇರಿಸಿದರೂ ವಿಡಿಯೋ ಮುಂದೆ ಏನೂ ಅಲ್ಲ. ಡೇಟಾ ಬೇಗ ಖಾಲಿಯಾಗುತ್ತಿದ್ದರೆ ದೊಡ್ಡ ಪ್ಲಾನ್‌ಗೆ ಹೋಗುವ ಮುಂಚೆ ಎರಡು ಸೆಟ್ಟಿಂಗ್ ನೋಡಿ. ವಾಟ್ಸಾಪ್‌ನ ಆಟೋ ಡೌನ್‌ಲೋಡ್ ಆಫ್ ಇದೆಯಾ? ಫೋಟೋ ಬ್ಯಾಕಪ್ ಮತ್ತು ಆಪ್ ಅಪ್‌ಡೇಟ್ ವೈಫೈನಲ್ಲಿ ಮಾತ್ರ ಎಂದು ಇದೆಯಾ? ಎಷ್ಟೋ ಸಲ ಸಮಸ್ಯೆ ಇಲ್ಲೇ ಮುಗಿಯುತ್ತದೆ.

ಹಂತ 5: ಪ್ಲಾನ್‌ಗಳನ್ನು ದಿನದ ಲೆಕ್ಕಕ್ಕೆ ಇಳಿಸಿ

ಪ್ಲಾನ್ ಮೇಲಿನ ಬೆಲೆ ನೋಡಬೇಡಿ. ಬೆಲೆಯನ್ನು ದಿನಗಳಿಂದ ಭಾಗಿಸಿ. ಲೆಕ್ಕಕ್ಕೆ ಹಿಡಿಯೋಣ: 28 ದಿನಕ್ಕೆ 308 ರೂಪಾಯಿ ಅಂದರೆ ದಿನಕ್ಕೆ 11. ಅದೇ ಡೇಟಾ 84 ದಿನಕ್ಕೆ 840 ಆದರೆ ದಿನಕ್ಕೆ 10. ಹೀಗೆ ಬರೆದರೆ ಯಾವುದು ನಿಜವಾಗಿ ಅಗ್ಗ ಎಂದು ತಾನಾಗೇ ಕಾಣುತ್ತದೆ.

28 ದಿನ ಒಂದು ತಿಂಗಳಲ್ಲ. ವರ್ಷಕ್ಕೆ 12 ಸಲ ಅಲ್ಲ, 13 ಸಲ ಹಾಕಿಸಬೇಕು. ಕೂಲಿ, ಸಂಬಳ ತಿಂಗಳ ಒಂದೇ ತಾರೀಕಿಗೆ ಬರುವವರು ಆ ತಾರೀಕಿಗೇ ರಿನ್ಯೂ ಆಗುವ ಪ್ಲಾನ್ ಕೇಳಿ. ಅಂಥದ್ದೊಂದು, 30 ದಿನದ್ದೊಂದು ಎಲ್ಲ ಕಂಪನಿಗಳೂ ಇಡಲೇಬೇಕು ಎಂದು ಟ್ರಾಯ್ 2022ರಲ್ಲೇ ನಿಯಮ ಮಾಡಿದೆ. ಅಂಗಡಿಯವರು ಅದನ್ನು ಮುಂದೆ ಮಾಡುವುದು ಕಡಿಮೆ, ನೀವೇ ಕೇಳಬೇಕು. 336 ದಿನದ ಪ್ಲಾನ್ ಕೂಡ ವರ್ಷವಲ್ಲ, 12 ಗುಣಿಸು 28 ಅಷ್ಟೇ.

ಕಾಲ್ ಮಾತ್ರ ಸಾಕು ಎನ್ನುವ ಅಜ್ಜ ಅಜ್ಜಿಗೆ ದಿನಕ್ಕೆ 2 ಜಿಬಿ ಡೇಟಾ ಯಾಕೆ? 2024ರ ಡಿಸೆಂಬರಿನಲ್ಲಿ ಟ್ರಾಯ್ ಕಾಲ್ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ರೀಚಾರ್ಜ್ ಕೊಡಬೇಕೆಂದು ಹೇಳಿತು. ಈಗ ಅಂಥವು ಸಿಗುತ್ತವೆ. ಕಂಪನಿಯ ಆಪ್‌ನಲ್ಲಿ ಮೊದಲ ಸಾಲಲ್ಲಿ ಕಾಣದೆ ಇರಬಹುದು, ಕೆಳಗೆ ಹೋಗಿ ಹುಡುಕಿ.

ದಿನದ ಮಿತಿ ಮುಗಿದ ಮೇಲೆ ಏನಾಗುತ್ತದೆ ಎಂಬ ಸಣ್ಣಕ್ಷರ ಓದಿ. "ಅನ್‌ಲಿಮಿಟೆಡ್" ಎಂದಿದ್ದರೂ ಮಿತಿ ದಾಟಿದ ಮೇಲೆ ಸ್ಪೀಡ್ 64 ಕೆಬಿಪಿಎಸ್‌ಗೆ ಬೀಳುವುದು ಸಾಮಾನ್ಯ. ಅದರಲ್ಲಿ ವಾಟ್ಸಾಪ್ ಮೆಸೇಜ್ ಹೋದರೆ ಪುಣ್ಯ. ಅನ್‌ಲಿಮಿಟೆಡ್ 5ಜಿ ಎಂಬುದಕ್ಕೂ ಮೂರು ಷರತ್ತು: ಪ್ಲಾನ್ ದೊಡ್ಡದಿರಬೇಕು, ಫೋನ್ 5ಜಿ ಇರಬೇಕು, ನೀವು ನಿಂತ ಜಾಗದಲ್ಲಿ 5ಜಿ ಟವರ್ ಇರಬೇಕು. ರಾಯಚೂರು ಪೇಟೆಯಲ್ಲಿ ಅನ್‌ಲಿಮಿಟೆಡ್ ಸಿಗುವವರು ದೇವದುರ್ಗದ ಹಳ್ಳಿಯಲ್ಲಿ 4ಜಿಗೆ ಇಳಿದರೆ ದಿನದ ಮಿತಿಯೇ ಗತಿ.

ವರ್ಷದ ಪ್ಲಾನ್ ಬಗ್ಗೆ ನನ್ನ ಅಭಿಪ್ರಾಯ ಖಡಕ್. ಒಂದು ನೆಟ್‌ವರ್ಕನ್ನು ಕನಿಷ್ಠ ಮೂರು ತಿಂಗಳು ಬಳಸದೆ ವರ್ಷದ ದುಡ್ಡು ಕಟ್ಟಬೇಡಿ. ಪೋರ್ಟ್ ಆದರೆ ಉಳಿದ ದಿನಗಳೂ ಹೋದವು, ಬ್ಯಾಲೆನ್ಸೂ ಹೋಯಿತು. ಒಂದು ರೂಪಾಯಿಯೂ ವಾಪಸ್ ಬರಲ್ಲ.

ಹಂತ 6: ಪೋರ್ಟ್ ಮಾಡುವ ಮುಂಚೆ ಎರಡನೇ ಸಿಮ್‌ನಲ್ಲಿ ಪರೀಕ್ಷಿಸಿ

ಹೊಸ ಕಂಪನಿಯ ಒಂದು ಹೊಸ ಸಿಮ್ ತಗೊಂಡು 28 ದಿನದ ಚಿಕ್ಕ ಪ್ಲಾನ್ ಹಾಕಿಸಿ, ಫೋನಿನ ಎರಡನೇ ಸ್ಲಾಟ್‌ನಲ್ಲಿ ಇಟ್ಟುಕೊಳ್ಳಿ. ಒಂದು ತಿಂಗಳ ದುಡ್ಡು ಖರ್ಚಾಗುತ್ತದೆ ನಿಜ, ಆದರೆ ಹಳೆಯ ನಂಬರ್ ಸುರಕ್ಷಿತವಾಗಿರುತ್ತದೆ.

ಸಿಮ್ ಕೊಡುವಾಗ ಬೆರಳು ಒತ್ತಿಸುತ್ತಾರೆ. "ಮೊದಲ ಸಲ ಆಗಲಿಲ್ಲ, ಇನ್ನೊಂದು ಸಲ ಒತ್ತಿ" ಎಂದರೆ ಮಷಿನ್ ಪರದೆ ತೋರಿಸಿ ಎಂದು ಕೇಳಿ. ಹೊಲ ಮಾಡಿದ ಕೈಗಳಲ್ಲಿ ರೇಖೆ ಸವೆದಿರುತ್ತದೆ, ಹಾಗಾಗಿ ಈ ಮಾತು ನಿಜವೂ ಇರಬಹುದು. ಆದರೆ ಇದೇ ನೆಪದಲ್ಲಿ ಇನ್ನೊಂದು ಸಿಮ್ ತೆಗೆದು ಮೋಸಗಾರರಿಗೆ ಮಾರುವವರೂ ಇದ್ದಾರೆ. ಮನೆಗೆ ಬಂದ ಮೇಲೆ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ನಿಮ್ಮ ಹೆಸರಲ್ಲಿ ಎಷ್ಟು ನಂಬರ್ ಇವೆ ಎಂದು ನೋಡಿ. ನಿಮ್ಮದಲ್ಲದ ನಂಬರ್ ಕಂಡರೆ ಅಲ್ಲೇ "ನನ್ನದಲ್ಲ" ಎಂದು ಗುರುತು ಹಾಕಿ. ಒಬ್ಬರ ಹೆಸರಲ್ಲಿ 9 ಕನೆಕ್ಷನ್ ಮಾತ್ರ ಇರಬಹುದು ಎಂಬುದೂ ನೆನಪಿರಲಿ. ಮನೆಮಂದಿಗೆಲ್ಲ ಯಜಮಾನರ ಆಧಾರ್‌ನಲ್ಲೇ ಸಿಮ್ ತೆಗೆಯುವ ರೂಢಿ ಇದ್ದಲ್ಲಿ ಈ ಮಿತಿ ಬೇಗ ಮುಟ್ಟುತ್ತದೆ.

ಹಂತ 7: ಈಗ ಫೋನ್. ಆಂಡ್ರಾಯ್ಡಾ, ಐಫೋನಾ, ಕೀಪ್ಯಾಡಾ?

ಮೊದಲು ನೆಟ್‌ವರ್ಕ್‌ಗೆ ಹೊಂದುತ್ತದಾ ನೋಡಿ. ಜಿಯೋಗೆ 2ಜಿ, 3ಜಿ ಇಲ್ಲವೇ ಇಲ್ಲ. ಹಳೆಯ 2ಜಿ ಕೀಪ್ಯಾಡ್ ಫೋನಿಗೆ ಆ ಸಿಮ್ ಹಾಕಿದರೆ ಕಾಲ್ ಕೂಡ ಹೋಗಲ್ಲ, 4ಜಿ ಕೀಪ್ಯಾಡ್ ಬೇಕು. ಬಿಎಸ್ಸೆನ್ನೆಲ್ 4ಜಿ ಬೇಕೆಂದರೆ ಫೋನಿನ ಬ್ಯಾಂಡ್ (ಫೋನ್ ಹಿಡಿಯಬಲ್ಲ ತರಂಗಗಳು) ಪಟ್ಟಿಯಲ್ಲಿ 28 ಮತ್ತು 1 ಇವೆಯಾ ನೋಡಿ. ಹಳೆಯ ಅಗ್ಗದ ಫೋನ್‌ಗಳಲ್ಲಿ 28 ಇರುವುದಿಲ್ಲ. 700 ಮೆಗಾಹರ್ಟ್ಸ್‌ನ ಈ ಬ್ಯಾಂಡೇ ದೂರ ಹೋಗುವುದು, ಗೋಡೆ ದಾಟುವುದು, ಹಾಗಾಗಿ ಹಳ್ಳಿಗೆ ಅದು ಮುಖ್ಯ. 5ಜಿ ಫೋನ್ ಆದರೆ ಎನ್28, ಎನ್78 ಎಂಬ 5ಜಿ ಬ್ಯಾಂಡ್ ಎರಡೂ ಇರಲಿ.

5ಜಿ ಸಿಗ್ನಲ್ ಬಂದು ಬಂದು ಹೋಗುವ ಜಾಗದಲ್ಲಿ ಫೋನ್ ಅದನ್ನು ಹುಡುಕುತ್ತಲೇ ಬಿಸಿಯಾಗುತ್ತದೆ, ಬ್ಯಾಟರಿ ತಿನ್ನುತ್ತದೆ. ನೆಟ್‌ವರ್ಕ್ ಮೋಡ್ 4ಜಿಗೆ ಇಟ್ಟುಬಿಡಿ, ಆರಾಮ.

ಇನ್ನು ಪ್ಲಾಟ್‌ಫಾರ್ಮ್. ಬಜೆಟ್ 20 ಸಾವಿರದ ಒಳಗಿದ್ದರೆ ಚರ್ಚೆಯೇ ಬೇಡ, ಹೊಸ ಆಂಡ್ರಾಯ್ಡ್ ತಗೊಳ್ಳಿ. ಆ ದುಡ್ಡಿಗೆ ಸಿಗುವ ಹಳೆಯ ಐಫೋನಿನ ಬ್ಯಾಟರಿ ಬಹುತೇಕ ಸತ್ತಿರುತ್ತದೆ. ಆದರೆ ಆಂಡ್ರಾಯ್ಡ್‌ನಲ್ಲಿ ಎಲ್ಲವೂ ಒಂದೇ ಅಲ್ಲ. ಎಷ್ಟು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಎಂದು ಮಾಡೆಲ್ ಹೆಸರು ಹಿಡಿದು ಕೇಳಿ. ಪಿಕ್ಸೆಲ್ 8, ಗ್ಯಾಲಕ್ಸಿ ಎಸ್24ರಂಥ ದುಬಾರಿ ಫೋನಿಗೆ 7 ವರ್ಷ ಎಂದು ಕಂಪನಿಗಳೇ ಹೇಳಿವೆ. ಅಗ್ಗದವುಗಳಲ್ಲಿ ಬಹಳಷ್ಟಕ್ಕೆ ಅದರ ಅರ್ಧವೂ ಇಲ್ಲ. ಅಪ್‌ಡೇಟ್ ನಿಂತ ಫೋನಿನಲ್ಲಿ ಬ್ಯಾಂಕ್ ಆಪ್ ಇಟ್ಟುಕೊಳ್ಳುವುದು ಒಳ್ಳೆಯದಲ್ಲ.

ಐಫೋನ್ ತಗೊಳ್ಳುವವರು ಸಿಮ್ ಜಾಗ ನೋಡಿ. ನಮ್ಮ ದೇಶದಲ್ಲಿ ಮಾರುವ ಐಫೋನ್‌ಗಳಲ್ಲಿ ಸಾಮಾನ್ಯವಾಗಿ ಒಂದು ಸಿಮ್ ಟ್ರೇ, ಇನ್ನೊಂದು ಇ-ಸಿಮ್, ಅಂದರೆ ಕಾರ್ಡ್ ಇಲ್ಲದೆ ಫೋನಿನೊಳಗೇ ಇರುವ ಸಿಮ್. ಐಫೋನ್ ಏರ್‌ನಲ್ಲಿ ಟ್ರೇಯೇ ಇಲ್ಲ. ಎರಡು ಸಾದಾ ಸಿಮ್ ಬಳಸುವವರು ಅಂಗಡಿಯಲ್ಲಿ ಪೆಟ್ಟಿಗೆ ಒಡೆದ ಮೇಲೆ ಪೇಚಾಡುತ್ತಾರೆ. ಮೆಮೊರಿ ಕಾರ್ಡ್‌ಗೂ ಜಾಗವಿಲ್ಲ. ನೀವು ದಿನಾ ಬಳಸುವ ಸರ್ಕಾರಿ ಆಪ್, ಕಂಪನಿ ಆಪ್ ಆಪಲ್ ಸ್ಟೋರ್‌ನಲ್ಲಿ ಇದೆಯಾ ಎಂದು ಕೊಳ್ಳುವ ಮುಂಚೆ ಇನ್ನೊಬ್ಬರ ಐಫೋನಿನಲ್ಲಿ ಹುಡುಕಿ ನೋಡಿ. ಕೆಲವು ಆಂಡ್ರಾಯ್ಡ್‌ಗೆ ಮಾತ್ರ ಇರುತ್ತವೆ.

ಬಿಸಿಲಿನ ಮಾತೂ ಇದೆ. ಐಫೋನ್ ಬಳಸಬೇಕಾದ್ದು 0ರಿಂದ 35 ಡಿಗ್ರಿ ವಾತಾವರಣದಲ್ಲಿ ಎಂದು ಆಪಲ್ ಹೇಳುತ್ತದೆ. ರಾಯಚೂರಿನ ಮೇ ತಿಂಗಳು 40 ದಾಟುತ್ತದೆ. ಬೈಕ್ ಹ್ಯಾಂಡಲ್ ಮೇಲೆ ಬಿಸಿಲಿಗೆ ಒಡ್ಡಿದರೆ ಪರದೆ ಮಂಕಾಗುತ್ತದೆ, ಚಾರ್ಜಿಂಗ್ ನಿಲ್ಲುತ್ತದೆ. ಆಂಡ್ರಾಯ್ಡ್ ಫೋನ್‌ಗಳೂ ಇದಕ್ಕೆ ಹೊರತಲ್ಲ. ಯಾವುದೇ ಫೋನ್ ಆಗಲಿ, ಕೆಟ್ಟರೆ ರಾಯಚೂರು, ಬಳ್ಳಾರಿಯಲ್ಲೇ ರಿಪೇರಿ ಆಗುತ್ತದಾ, ಹುಬ್ಬಳ್ಳಿಗೋ ಬೆಂಗಳೂರಿಗೋ ಕಳಿಸಬೇಕಾ ಎಂದು ಕೇಳಿ.

ಸೆಕೆಂಡ್ ಹ್ಯಾಂಡ್ ಆದರೆ *#06# ಒತ್ತಿ ಐಎಂಇಐ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ಪಡೆದು ಸಂಚಾರ್ ಸಾಥಿಯಲ್ಲಿ ಪರೀಕ್ಷಿಸಿ. ಕದ್ದ ಫೋನ್ ಎಂದು ಬ್ಲಾಕ್ ಆಗಿದ್ದರೆ ಅಲ್ಲೇ ತಿಳಿಯುತ್ತದೆ. ಐಫೋನ್ ಆದರೆ ಹಳೆ ಮಾಲೀಕರು ತಮ್ಮ ಆಪಲ್ ಖಾತೆಯನ್ನು ನಿಮ್ಮೆದುರೇ ತೆಗೆಯಬೇಕು. "ಆಮೇಲೆ ತೆಗೀತೀನಿ" ಎಂದರೆ ದುಡ್ಡು ಕೊಡಬೇಡಿ.

ಹಂತ 8: ಪೋರ್ಟ್ ಮಾಡುವ ಕ್ರಮ

ಹೊಸ ಸಿಮ್ ಒಂದು ತಿಂಗಳು ಪಾಸಾಯಿತಾ? ಈಗ ಹಳೆ ನಂಬರಿನಿಂದ ಇಂಗ್ಲಿಷ್ ಅಕ್ಷರಗಳಲ್ಲಿ ಪೋರ್ಟ್ ಎಂದು ಬರೆದು, ಒಂದು ಸ್ಪೇಸ್ ಬಿಟ್ಟು, 10 ಅಂಕಿಯ ಅದೇ ನಂಬರ್ ಹಾಕಿ 1900ಕ್ಕೆ ಮೆಸೇಜ್ ಮಾಡಿ. ನಿಮ್ಮ ಪ್ಲಾನ್‌ನಲ್ಲಿ ಎಸ್ಸೆಮ್ಮೆಸ್ ಇಲ್ಲದಿದ್ದರೂ ಈ ಮೆಸೇಜಿಗೆ ಅವಕಾಶ ಕೊಡಲೇಬೇಕು ಎಂದು ಟ್ರಾಯ್ 2021ರಲ್ಲಿ ಹೇಳಿದೆ. ಪೋರ್ಟ್ ಮಾಡಲು ಬೇಕಾದ 8 ಅಕ್ಷರದ ಯುಪಿಸಿ ಕೋಡ್ ಬರುತ್ತದೆ. ನಮ್ಮ ಕಡೆ ಅದಕ್ಕೆ 4 ದಿನ ಆಯಸ್ಸು. ಅಷ್ಟರೊಳಗೆ ಹೊಸ ಕಂಪನಿಯ ಅಂಗಡಿಗೆ ಹೋಗಿ.

ಕೋಡ್ ಬರದಿದ್ದರೆ ಕಾರಣ ಇವುಗಳಲ್ಲಿ ಒಂದು: ನಂಬರ್ ತಗೊಂಡು ಅಥವಾ ಹಿಂದಿನ ಸಲ ಪೋರ್ಟ್ ಆಗಿ 90 ದಿನ ಆಗಿಲ್ಲ, ಪೋಸ್ಟ್‌ಪೇಯ್ಡ್ ಬಿಲ್ ಬಾಕಿ ಇದೆ, ಅಥವಾ 7 ದಿನದೊಳಗೆ ಡೂಪ್ಲಿಕೇಟ್ ಸಿಮ್ ತೆಗೆದಿದ್ದೀರಿ. ಕೊನೆಯದು 2024ರ ಜುಲೈನಿಂದ ಬಂದ ನಿಯಮ, ಬಹಳ ಜನರಿಗೆ ಗೊತ್ತಿಲ್ಲ.

ಕರ್ನಾಟಕದ ನಂಬರ್ ಕರ್ನಾಟಕದಲ್ಲೇ ಪೋರ್ಟ್ ಆದರೆ 3 ಕೆಲಸದ ದಿನ. ಗಡಿ ಊರಿನವರ ಕೈಯಲ್ಲಿ ಆಂಧ್ರ, ತೆಲಂಗಾಣದಲ್ಲಿ ತೆಗೆದ ನಂಬರ್ ಇರಬಹುದು. ಅಂಥದ್ದನ್ನು ಇಲ್ಲಿಗೆ ತರಲು 5 ಕೆಲಸದ ದಿನ. ಬದಲಾಗುವ ಹೊತ್ತಲ್ಲಿ ಕೆಲವು ಗಂಟೆ ಫೋನ್ ಸತ್ತಂತೆ ಇರುತ್ತದೆ. ಹೊಸ ಸಿಮ್ ಹಾಕಿದ ಮೇಲೂ ಸ್ವಲ್ಪ ಹೊತ್ತು ಓಟಿಪಿ ಬರದೆ ಇರಬಹುದು, ಯುಪಿಐ ಆಪ್ ಮತ್ತೆ ನೋಂದಣಿ ಕೇಳುತ್ತದೆ. ಬೀಜ, ಗೊಬ್ಬರದ ದುಡ್ಡು ಕಟ್ಟುವ ದಿನ, ಪರೀಕ್ಷೆ ಫಾರ್ಮ್ ತುಂಬುವ ಕೊನೆ ದಿನ ಪೋರ್ಟ್ ಮಾಡಬೇಡಿ. ಕೈಯಲ್ಲಿ ಒಂದಿಷ್ಟು ನಗದು ಇಟ್ಟುಕೊಳ್ಳಿ.

ಎಚ್ಚರಿಕೆ: ನೀವು ಕೇಳದೆಯೇ ಯುಪಿಸಿ ಕೋಡ್ ಬಂದರೆ, ಅಥವಾ ಯಾರೋ ಫೋನ್ ಮಾಡಿ ಆ ಕೋಡ್ ಕೇಳಿದರೆ, ನಿಮ್ಮ ನಂಬರ್ ಕದಿಯುವ ಪ್ರಯತ್ನ ನಡೆದಿದೆ ಎಂದರ್ಥ. ಯಾರಿಗೂ ಹೇಳಬೇಡಿ. ತಕ್ಷಣ ನಿಮ್ಮ ಕಂಪನಿಗೆ ಕರೆ ಮಾಡಿ.

ಹಂತ 9: ಆಮೇಲೆ ಕೆಟ್ಟರೆ

ಗಡಿ ಕಡೆ ಇದ್ದು ನೆಟ್ ಇದ್ದಕ್ಕಿದ್ದಂತೆ ನಿಂತರೆ ಮೊದಲು ಡೇಟಾ ರೋಮಿಂಗ್ ಆನ್ ಇದೆಯಾ ನೋಡಿ. ಫೋನ್ ಆಚೆ ರಾಜ್ಯದ ಟವರ್ ಹಿಡಿದಿರುತ್ತದೆ. ಈಗಿನ ಸಾಮಾನ್ಯ ಪ್ಲಾನ್‌ಗಳಲ್ಲಿ ದೇಶದೊಳಗಿನ ರೋಮಿಂಗ್‌ಗೆ ಬೇರೆ ದುಡ್ಡಿಲ್ಲ, ಹೆದರಬೇಡಿ.

ಹಾಗಲ್ಲದೆ ನೆಟ್‌ವರ್ಕೇ ಕೆಟ್ಟಿದ್ದರೆ 198ಕ್ಕೆ ಕರೆ ಮಾಡಿ ದೂರು ಕೊಡಿ. "ಆಯ್ತು ಸರ್, ನೋಡ್ತೀವಿ" ಎಂಬಲ್ಲಿಗೆ ಫೋನ್ ಇಡಬೇಡಿ, ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಕೇಳಿ ಬರೆದುಕೊಳ್ಳಿ. ಹಂತ 2ರ ಹಾಳೆ ಕೈಯಲ್ಲಿರಲಿ. "ಸಿಗ್ನಲ್ ಇಲ್ಲ" ಎನ್ನುವ ಬದಲು "ರಾತ್ರಿ 9ಕ್ಕೆ ಮನೆಯಲ್ಲಿ ಮೈನಸ್ 114, ಸ್ಪೀಡ್ ಒಂದು ಎಂಬಿಪಿಎಸ್" ಎಂದು ಹೇಳಿದರೆ ದೂರನ್ನು ತಳ್ಳಿಹಾಕುವುದು ಅವರಿಗೆ ಅಷ್ಟು ಸುಲಭವಲ್ಲ. ಉತ್ತರ ಸರಿಯಾಗಿ ಸಿಗದಿದ್ದರೆ ಅದೇ ಡಾಕೆಟ್ ನಂಬರ್ ಹಿಡಿದು 30 ದಿನದೊಳಗೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಅದಕ್ಕೆ ಶುಲ್ಕವಿಲ್ಲ.